ಸಾಗುವಾನಿಯ ಜಾಡು ಹಿಡಿದು ಮೂರು ಊರು

ಪ್ರವಾಸ ಹೊರಟ ಕನ್ನಡಿಗರು ಸಾಮಾನ್ಯವಾಗಿ ಕಲ್ಲನ್ನು ನೋಡಲು ಹೋಗುತ್ತಾರೆ. ಬೇಲೂರು, ಹಳೇಬೀಡು, ಹಂಪೆ, ಬಾದಾಮಿಗಳ ಹೆಸರು ಕೇಳುತ್ತ ಬೆಳೆದ ನಮಗೆ ಶಿಲ್ಪವೆಂದರೆ ಕಲ್ಲೇ. ಗುಜರಾತಿಗೆ ಬಂದು ನೆಲಸಿದ ಮೇಲೂ ಆ ಅಭ್ಯಾಸ ತಪ್ಪಿಲ್ಲ. ಮೊಢೇರಾದ ಸೂರ್ಯದೇವಾಲಯ, ಪಾಟಣದ ರಾಣಿಯ ಬಾವಿ, ಅಹಮದಾಬಾದಿನ ಸಿದಿ ಸೈಯದ್ ಮಸೀದಿಯ ಕಲ್ಲಿನ ಜಾಲಂಧ್ರ, ಇವಿಷ್ಟನ್ನು ನೋಡಿ, ಊರಿನಿಂದ ಬಂದ ನೆಂಟರಿಗೂ ತೋರಿಸಿ, ಗುಜರಾತನ್ನು ಕಂಡೆವೆಂದು ಸಮಾಧಾನಪಡುತ್ತೇವೆ. ಆದರೆ ಈ ನಾಡಿನ ಜನ ಮನೆ ಕಟ್ಟಿದ್ದು, ಸಮುದ್ರ ದಾಟಿದ್ದು, ಮಗುವನ್ನು ತೂಗಿದ್ದು ಮರದಿಂದ. ಅದರಲ್ಲಿಯೂ ಹೆಚ್ಚಾಗಿ ತೇಗದಿಂದ.

ತೇಗಕ್ಕೆ ನಮ್ಮಲ್ಲೇ ಎರಡು ಹೆಸರು. ಮೈಸೂರಿನ ಕಡೆಯವರು ತೇಗ ಎನ್ನುತ್ತಾರೆ. ಧಾರವಾಡ, ಕಾರವಾರದ ಕಡೆಯವರು ಸಾಗುವಾನಿ ಎನ್ನುತ್ತಾರೆ. ಗುಜರಾತಿಗಳಿಗೆ ಅದು ಸಾಗ್. ದಕ್ಷಿಣ ಗುಜರಾತಿನ ಡಾಂಗ್ ಕಾಡುಗಳಿಂದ ಇಳಿದು ಬರುವ ಮರಕ್ಕೆ ಇಲ್ಲಿನ ಪೇಟೆಯಲ್ಲಿ 'ವಲ್ಸಾಡಿ ಸಾಗ್' ಎಂದು ಬಹಳ ಮರ್ಯಾದೆ. ನಮ್ಮ ಹಳಿಯಾಳ, ದಾಂಡೇಲಿ, ಯಲ್ಲಾಪುರಗಳ ಮರಕ್ಕೆ ಇದು ದಾಯಾದಿ ಎನ್ನಬಹುದು. ಎರಡೂ ಸಹ್ಯಾದ್ರಿಯ ಮಕ್ಕಳೇ.

ಕಳೆದ ದೀಪಾವಳಿಯ ರಜೆಯಲ್ಲಿ ನಾವು ನಾಲ್ಕು ಮನೆಯವರು ಕೂಡಿ ಈ ಮರವನ್ನೇ ನೋಡಿಬರೋಣವೆಂದು ಹೊರಟೆವು. ಸೂರತ್ತಿನಲ್ಲಿ ಆರಂಭ, ವಡೋದರಾದಲ್ಲಿ ತಂಗುದಾಣ, ಅಹಮದಾಬಾದಿನಲ್ಲಿ ಮುಕ್ತಾಯ. ಮಕ್ಕಳು ಸೇರಿ ಹದಿಮೂರು ಜನ. ಜೊತೆಗೆ ಬಂದಿದ್ದ ಹಿರಿಯರೊಬ್ಬರು ಹಳಿಯಾಳದ ಕಡೆಯವರು, ಮರದ ವ್ಯಾಪಾರದ ಮನೆತನದವರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತೇವೆ. ಹಲಗೆಯನ್ನು ಮೂಸಿ ನೋಡಿ ಮರದ ಜಾತಿ ಹೇಳಬಲ್ಲವರು ಅವರು. ಹೊಸದಾಗಿ ಕೊಯ್ದ ತೇಗಕ್ಕೆ ಹಳೆಯ ಚರ್ಮದಂಥ ಒಂದು ವಾಸನೆಯುಂಟೆಂಬುದು ನಮಗೆ ತಿಳಿದದ್ದು ಅವರಿಂದಲೇ.

ಸೂರತ್ತಿನ ಹೊಳೆದಂಡೆಯಲ್ಲಿ

ಸೂರತ್ತೆಂದರೆ ಇಂದು ಸೀರೆ ಮತ್ತು ವಜ್ರ. ತಾಪಿ ನದಿಯ ಸೇತುವೆಯ ಮೇಲೆ ನಿಂತು ನೋಡಿದರೆ, ಈ ಊರು ಒಂದು ಕಾಲಕ್ಕೆ ಮೊಗಲ್ ಸಾಮ್ರಾಜ್ಯದ ಕಡಲ ಹೆಬ್ಬಾಗಿಲಾಗಿತ್ತೆಂದು ನಂಬುವುದೇ ಕಷ್ಟ. 1608ರಲ್ಲಿ ಇಂಗ್ಲಿಷರ 'ಹೆಕ್ಟರ್' ಹಡಗು ಬಂದು ತಂಗಿದ್ದು ಈ ನದಿಯ ಮುಖದ ಬಳಿಯಲ್ಲೇ. ಮೆಕ್ಕೆಗೆ ಹೋಗುವ ಯಾತ್ರಿಕರು ಹಡಗೇರುತ್ತಿದ್ದುದೂ ಇಲ್ಲಿಂದಲೇ. ಹಡಗು ಬಂದು ಹೋಗುವ ಊರಿನಲ್ಲಿ ಹಡಗು ಕಟ್ಟುವವರು ಇಲ್ಲದಿರುತ್ತಾರೆಯೇ? ಸೂರತ್ತಿನ ಬಡಗಿಗಳು ಒಂದು ಹಲಗೆಯ ಅಂಚಿಗೆ ತೋಡು ಕೊರೆದು ಇನ್ನೊಂದರ ಅಂಚನ್ನು ಅದರೊಳಗೆ ಬಿಗಿಯಾಗಿ ಕೂರಿಸುತ್ತಿದ್ದರು. ಸಂದಿನಲ್ಲಿ ನೀರು ನುಗ್ಗುವ ಮಾತೇ ಇರಲಿಲ್ಲ.

ಈ ಊರಿನಲ್ಲಿ 1702ರಲ್ಲಿ ಹುಟ್ಟಿದ ಲವಜಿ ನಸರ್ವಾನಜಿ ವಾಡಿಯಾ ಎಂಬ ಪಾರಸಿ ಬಡಗಿಯನ್ನು ಈಸ್ಟ್ ಇಂಡಿಯಾ ಕಂಪನಿ 1736ರಲ್ಲಿ ಮುಂಬಯಿಗೆ ಕರೆಸಿಕೊಂಡಿತು. ವಾಡಿಯಾ ಎಂಬ ಹೆಸರೇ ಹಡಗು ಕಟ್ಟುವವನೆಂಬ ಅರ್ಥದ್ದು. ಮುಂಬಯಿಯ ಹಡಗುಕಟ್ಟೆ ಆ ಮನೆತನದ ಕೈಯಲ್ಲಿ ಬೆಳೆಯಿತು. ಅವರ ವಂಶದವರು ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ 'ಟ್ರಿಂಕೊಮಲಿ' ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಎಂಬ ಊರಿನಲ್ಲಿ ನೀರಿನ ಮೇಲೆ ತೇಲುತ್ತಿದೆ. ಇನ್ನೂರು ವರ್ಷ ಮೀರಿದೆ! ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿಯ ಆಡಳಿತದಲ್ಲೇ ಇದ್ದುದರಿಂದ ನಮ್ಮ ಕಡೆಯ ಸಾಗುವಾನಿಯೂ ಮುಂಬಯಿಯ ಮರದ ಪೇಟೆಗೆ ಹೊಸಬರದಾಗಿರಲಿಲ್ಲ. ಇದನ್ನು ಹೇಳುವಾಗ ಕಾಕಾ ಅವರ ಮುಖದಲ್ಲಿ ಒಂದಿಷ್ಟು ಹೆಮ್ಮೆ ಕಂಡಿತು.

ನಾವು ನೋಡಲು ಹೋದದ್ದು ಅಂಥ ಮಹಾನೌಕೆಯನ್ನಲ್ಲ. ಊರಿನಿಂದ ಕೆಳಗೆ, ನದಿ ಸಮುದ್ರದತ್ತ ಅಗಲವಾಗುವ ಕಡೆ, ದಡಕ್ಕೆ ಎಳೆದು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ ಒಂದು ಹಳೆಯ ದೋಣಿಯನ್ನು. ಹಿಂದೆ ಜನರನ್ನು ದಾಟಿಸುತ್ತಿದ್ದ ದೋಣಿ. ಅದರ ಮನೆಯವರು ಮಾರಲು ಮನಸ್ಸಿಲ್ಲದೆ ಮತ್ತೆ ಸಿದ್ಧಪಡಿಸುತ್ತಿದ್ದರು. ಒಡಲಿಗೆ ಬಣ್ಣ ಬಳಿದಾಗಿತ್ತು. ಉಳಿದದ್ದು ಅದರ ತೇಗದ ಅಲಂಕಾರ: ಮೇಲಂಚಿನ ಸುತ್ತ ಓಡುವ ಪಟ್ಟಿ, ಕೂರುವ ಹಲಗೆಗಳು, ಚುಕ್ಕಾಣಿಯ ಹಿಡಿ. ಹಲವು ಮಳೆಗಾಲಗಳನ್ನು ಬಯಲಿನಲ್ಲಿ ಕಳೆದ ಆ ಮರ ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮಕ್ಕಳು ನೋಡಿ, "ಇದು ಕೊಳೆತಿದೆ" ಎಂದೇ ತೀರ್ಮಾನಿಸಿದರು.

ಅಲ್ಲಿ ಕೆಲಸದಲ್ಲಿದ್ದ ವೃದ್ಧ ಮಿಸ್ತ್ರಿ ಏನೂ ಹೇಳದೆ ಬೆರಳನ್ನು ನೀರಿನಲ್ಲಿ ಅದ್ದಿ ಆ ಬೂದಿಯ ಮೇಲೆ ಒತ್ತಿದರು. ಒದ್ದೆಯಾದ ಅಷ್ಟು ಜಾಗ ಜೇನಿನ ಬಣ್ಣಕ್ಕೆ ತಿರುಗಿತು. ನೀರು ಆರುತ್ತಲೇ ಮತ್ತೆ ಬೂದಿ. "ಕೊಳೆತಿಲ್ಲ, ಬೇಟಾ. ಮೇಲಿನದು ಸತ್ತಿದೆ, ಒಳಗಿನದು ಬದುಕಿದೆ" ಎಂದರು.

ಹೀಗಾಗುವುದು ಏಕೆಂಬುದನ್ನು ಸ್ವಲ್ಪ ಹೇಳಬೇಕು. ಮರವೆಂಬುದು ನಾರು, ಆ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಟು. ಬಿಸಿಲಿನ ನೇರಳಾತೀತ ಕಿರಣ ಆ ಅಂಟನ್ನು ಒಡೆಯುತ್ತದೆ. ಮಳೆ ಅದನ್ನು ತೊಳೆದೊಯ್ಯುತ್ತದೆ. ಬಣ್ಣ ಕಳೆದುಕೊಂಡ ನಾರು ಮಾತ್ರ ಮೇಲೆ ಉಳಿಯುತ್ತದೆ. ತೇವವಿರುವಲ್ಲಿ ಬೂಷ್ಟು ಸೇರಿ ಕಪ್ಪಾಗುವುದೂ ಉಂಟು. ಆದರೆ ತೇಗದೊಳಗೆ ಅದರದೇ ಎಣ್ಣೆಯ ಅಂಶವಿದೆ. ಗೆದ್ದಲನ್ನು, ಕೊಳೆತವನ್ನು ತಡೆಯುವ ಗುಣ ಅದಕ್ಕೆ ಹುಟ್ಟಿನಿಂದಲೇ ಬಂದದ್ದು. ಆದ್ದರಿಂದ ಬೂದಿಯ ಪದರು ಬರಿಯ ಕಾಗದದಷ್ಟು. ಕೆಳಗೆ ಮರ ಹಾಗೆಯೇ ಇರುತ್ತದೆ.

"ಹಾಗಾದರೆ ವಾರ್ನಿಷ್ ಯಾವಾಗ, ಕಾಕಾ?" ಎಂದು ನಮ್ಮ ಕಾಕಾ ಆ ಕಾಕಾ ಅವರನ್ನು ಕೇಳಿದರು. ಗುಜರಾತಿನಲ್ಲೂ ಹಿರಿಯರಿಗೆ ಇದೇ ಮಾತಾದ್ದರಿಂದ ಇಬ್ಬರಿಗೂ ನಗು ಬಂತು.

"ವಾರ್ನಿಷ್ ಕೊನೆಯ ವಾರದ ಕೆಲಸ, ಭಾಯಿ. ನಾನು ಕೂತು ಆರು ದಿನವಾಯಿತು; ಡಬ್ಬಿಯ ಮುಚ್ಚಳವನ್ನೇ ತೆಗೆದಿಲ್ಲ."

ಆ ಆರು ದಿನದ ಕೆಲಸವೇನೆಂಬುದನ್ನು ಅವರು ಒಂದೊಂದಾಗಿ ತೋರಿಸಿದರು. ಮೊದಲು, ಹಳೆಯ ವಾರ್ನಿಷ್ ಎಲ್ಲಿ ಹಪ್ಪಳದಂತೆ ಎದ್ದಿದೆಯೋ ಅಲ್ಲಿ ಅದನ್ನು ಚಪ್ಪಟೆ ಅಲಗಿನಿಂದ ನಾರಿನ ಓಟದ ಗುಂಟ ಹೆರೆಯುವುದು. ಆಮೇಲೆ ತೊಳೆಯುವುದು. ಇದಕ್ಕೆ ಅವರು ಅರಿಠಾ, ಅಂದರೆ ನಮ್ಮ ಅಂಟುವಾಳದ ನೀರನ್ನೇ ಬಳಸುತ್ತಿದ್ದರು. ಮೆತ್ತನೆಯ ಕುಂಚದಿಂದ ಉಜ್ಜುವಾಗ ಕೈ ನಾರಿನ ಗುಂಟ ಓಡದೆ ಅಡ್ಡಕ್ಕೆ ಓಡುತ್ತಿತ್ತು. ನಮಗಿದು ವಿಚಿತ್ರವೆನಿಸಿತು. ಅದಕ್ಕವರು ಹೇಳಿದ ಕಾರಣ ಸರಳ. ಮರದಲ್ಲಿ ಮೆದು ಗೆರೆ, ಗಟ್ಟಿ ಗೆರೆ ಒಂದರ ಪಕ್ಕ ಒಂದಿರುತ್ತವೆ. ಗುಂಟ ಉಜ್ಜಿದರೆ ಕುಂಚ ಮೆದುಗೆರೆಯಲ್ಲೇ ಇಳಿದು ಅದನ್ನು ತೋಡಿಬಿಡುತ್ತದೆ. ಗಟ್ಟಿಗೆರೆ ಏಣಿನಂತೆ ಎದ್ದು ನಿಲ್ಲುತ್ತದೆ. ಆ ಏಣನ್ನು ಸಮಮಾಡಲು ಒಳ್ಳೆಯ ಮರವನ್ನೇ ಸವೆಸಬೇಕಾಗುತ್ತದೆ.

ತುಕ್ಕಿನ ಕಪ್ಪು ಕಲೆಗಳಿದ್ದಲ್ಲಿಗೆ ಮಾತ್ರ ಆಕ್ಸಾಲಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ ಹಚ್ಚಿ, ಕಲೆ ಬಿಡುತ್ತಲೇ ಹೇರಳ ನೀರಿನಿಂದ ತೊಳೆದರು. ಅದು ವಿಷ, ಕೈಗೆ ರಬ್ಬರಿನ ಚೀಲ, ಕಣ್ಣಿಗೆ ಕನ್ನಡಕ ಬೇಕೇ ಬೇಕು, ಮಕ್ಕಳಿದ್ದ ಮನೆಯಲ್ಲಿ ಎತ್ತರದಲ್ಲಿಡಬೇಕು. ಕಾಸ್ಟಿಕ್ ಸೋಡಾ ಹಾಕಿದರೆ ಒಂದೇ ಗಳಿಗೆಯಲ್ಲಿ ಕೊಳೆ ಹೋಗುತ್ತದಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, "ಹೋಗುತ್ತದೆ. ಜೊತೆಗೆ ಮೆದುಗೆರೆಯೂ ಹೋಗುತ್ತದೆ" ಎಂದರು.

ತೊಳೆದ ಮರವನ್ನು ನೆರಳಿನಲ್ಲಿ ಎರಡು ಮೂರು ದಿನ ಒಣಗಲು ಬಿಡಬೇಕು. ತರುವಾಯ ಉಪ್ಪುಕಾಗದ. ಇಲ್ಲಿನವರು ಕಾಚ್‌ಪೇಪರ್ ಎನ್ನುತ್ತಾರೆ. ನಾರು ಎದ್ದಿದ್ದಲ್ಲಿ ಮಾತ್ರ 80ರ ಒರಟು ಕಾಗದ, ಉಳಿದೆಡೆ 120, 180, ಕೊನೆಗೆ 220. ಮರದ ತುಂಡಿಗೆ ಕಾಗದ ಸುತ್ತಿ, ಈಗ ಮಾತ್ರ ನಾರಿನ ಗುಂಟ. ತೇಗದಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ; ಅದರ ಪುಡಿ ಮೂಗಿಗೆ, ಮೈಗೆ ಒಗ್ಗುವುದಿಲ್ಲ. ಮಿಸ್ತ್ರಿ ಮುಖಕ್ಕೆ ಒದ್ದೆಯ ವಸ್ತ್ರ ಕಟ್ಟಿಕೊಂಡೇ ಕೂತಿದ್ದರು.

ಪಟ್ಟಿಯ ಒಂದು ಮಗ್ಗುಲು ತಗ್ಗಾಗಿತ್ತು. ಹಿಂದೊಮ್ಮೆ ಯಾರೋ ಅವಸರದಲ್ಲಿ ಯಂತ್ರ ಹಿಡಿದು ಉಜ್ಜಿದ್ದರ ಗುರುತು ಅದು. ದೋಣಿಯ ಪಟ್ಟಿಯನ್ನು ತಿರುಪುಮೊಳೆಯಿಂದ ಕೂರಿಸಿ, ಮೊಳೆಯ ತಲೆ ಕಾಣದಂತೆ ಮೇಲೆ ತೇಗದ್ದೇ ಒಂದು ಪುಟ್ಟ ಬಿರಡೆ ಹೊಡೆದಿರುತ್ತಾರೆ. ಆ ಮಗ್ಗುಲಿನಲ್ಲಿ ಬಿರಡೆಗಳು ಸವೆದು ಹೋಗಿ ಹಿತ್ತಾಳೆಯ ತಲೆಗಳು ಇಣುಕುತ್ತಿದ್ದವು. "ಇದಕ್ಕೆ ಇನ್ನು ಒಂದು ಸಲ ಉಜ್ಜುವಷ್ಟು ಆಯುಷ್ಯವಿದೆ. ಆ ಕಡೆಯದಕ್ಕೆ ಹತ್ತು ಸಲದಷ್ಟಿದೆ. ಎರಡೂ ಒಂದೇ ದಿನ ಹುಟ್ಟಿದವು" ಎಂದು ಮಿಸ್ತ್ರಿ ತಮ್ಮ ಅಂಗೈಯಿಂದ ಅದನ್ನು ಸವರಿದರು. ಮೇಲೆ ಹಚ್ಚುವುದನ್ನು ಎಷ್ಟು ಸಲವಾದರೂ ಹಚ್ಚಬಹುದು. ತೆಗೆದ ಮರವನ್ನು ಮರಳಿ ತರಲಾಗದು. ನಮ್ಮ ಇಡೀ ಪ್ರವಾಸದಲ್ಲಿ ಕಲಿತ ಪಾಠವೆಲ್ಲ ಆ ತಗ್ಗಿನಲ್ಲೇ ಇತ್ತು.

ಕೊನೆಯ ಒಂದು ಹಂತವಿದೆ. ತೇಗದ ಎಣ್ಣೆ ಮರಕ್ಕೆ ಎಷ್ಟು ಹಿತವೋ ವಾರ್ನಿಷಿಗೆ ಅಷ್ಟೇ ಅಹಿತ. ಎಣ್ಣೆಯ ಮೇಲೆ ಅದು ಕಚ್ಚಿ ಕೂರುವುದಿಲ್ಲ. ಆದ್ದರಿಂದ ಪುಡಿಯನ್ನೆಲ್ಲ ಒರೆಸಿ, ಅಸಿಟೋನಿನಲ್ಲಿ ಅದ್ದಿದ ಬಿಳಿಯ ಬಟ್ಟೆಯಿಂದ, ಬಟ್ಟೆ ಹಳದಿಯಾಗುವುದು ನಿಲ್ಲುವವರೆಗೆ ಒರೆಸುತ್ತಾರೆ. ಒಳಗಿನ ಎಣ್ಣೆ ಮತ್ತೆ ಮೇಲೆ ಬರುವುದರೊಳಗೆ, ಅದೇ ದಿನ, ಟರ್ಪೆಂಟೈನ್ ಬೆರೆಸಿ ನೀರಾಗಿಸಿದ ಮೊದಲ ಕೈ ಹಚ್ಚಿಬಿಡುತ್ತಾರೆ. ಆ ಮೇಲಿನ ಕೈಗಳು ಕ್ರಮೇಣ ಗಟ್ಟಿ. ಒಂದೊಂದಕ್ಕೂ ಒಂದು ಹಗಲು, ಒಂದು ರಾತ್ರಿ ಬಿಡುವು. ನಡುನಡುವೆ ನಯವಾದ ಕಾಗದದ ಸ್ಪರ್ಶ. ಬಯಲಿನಲ್ಲಿರುವ ಮರಕ್ಕೆ ಆರು ಕೈಯಾದರೂ ಬೇಕು. ಬೆಳಗಿನ ಇಬ್ಬನಿ ಆರಿದ ಮೇಲೆ ಆರಂಭಿಸಿ, ಸಂಜೆಯ ತಂಪು ಇಳಿಯುವ ಮೊದಲು ಮುಗಿಸಬೇಕು. ನಮ್ಮ ಕರಾವಳಿಯಲ್ಲಿ ದೋಣಿಗೆ ಗೇರುಸಿಪ್ಪೆಯ ಎಣ್ಣೆ, ಮೀನೆಣ್ಣೆ ಬಳಿಯುತ್ತಾರಲ್ಲ, ಅದು ಕಪ್ಪಾದರೂ ನಡೆಯುತ್ತದೆ. ವಾರ್ನಿಷ್ ಮರವನ್ನು ತೋರಿಸಬೇಕಾದದ್ದು. ಒಳಗೆ ಏನಿದೆಯೋ ಅದನ್ನೇ ತೋರಿಸುತ್ತದೆ, ಕೊಳೆಯಿದ್ದರೆ ಕೊಳೆಯನ್ನೂ.

ಸಂಖೇಡಾದ ಅರಗು

ಸೂರತ್ತಿನಿಂದ ವಡೋದರಾಕ್ಕೆ ರೈಲಿನಲ್ಲಿ ಎರಡು ಗಂಟೆಯ ದಾರಿಯೂ ಅಲ್ಲ. ಹಿಂದಿನವರು ಬಡೋದೆ ಎನ್ನುತ್ತಿದ್ದ ಈ ಊರು ಗಾಯಕವಾಡರ ರಾಜಧಾನಿ. ಮರದ ಬೆಲೆ ಅವರಿಗೆ ಚೆನ್ನಾಗಿ ತಿಳಿದಿತ್ತು. ಬಿಲಿಮೋರಾದಿಂದ ಡಾಂಗ್ ಕಾಡಿನ ಅಂಚಿನ ವಘಈವರೆಗೆ 1913ರಲ್ಲಿ ಕಿರುಹಳಿಯ ರೈಲನ್ನು ಹಾಕಿಸಿದ್ದು ಅವರ ಸಂಸ್ಥಾನವೇ. ಕಾಡಿನ ಸಾಗುವಾನಿ ಇಳಿದು ಬಂದದ್ದು ಆ ಹಳಿಯ ಮೇಲೆ. ಊರೊಳಗೆ ತಾಂಬೇಕರ್ ವಾಡಾ ಎಂಬ ನಾಲ್ಕಂತಸ್ತಿನ ಮರಾಠಾ ಮನೆಯನ್ನು ನೋಡಿದೆವು. ದಿವಾನರೊಬ್ಬರ ಮನೆ. ಗೋಡೆಯ ಚಿತ್ರಗಳಿಗೆ ಹೆಸರಾದದ್ದಾದರೂ ನಮ್ಮ ಕಣ್ಣು ಅದರ ಮರದ ಕಂಬಗಳ ಮೇಲೇ ಇತ್ತು. ಅಂದು ರಾತ್ರಿ ಅಲ್ಲಿನ ಕನ್ನಡ ಬಂಧುಗಳ ಮನೆಯಲ್ಲಿ ಜೋಳದ ರೊಟ್ಟಿ, ಎಣಗಾಯಿ.

ಮರುದಿನ ಡಭೋಈ ಮೂಲಕ ಸಂಖೇಡಾಕ್ಕೆ ಹೋದೆವು. ಓರಸಂಗ್ ನದಿಯ ದಡದ ಈ ಪುಟ್ಟ ಊರು ಹಿಂದೆ ವಡೋದರಾ ಜಿಲ್ಲೆಯಲ್ಲಿತ್ತು. 2013ರಿಂದ ಛೋಟಾ ಉದೇಪುರ ಜಿಲ್ಲೆಗೆ ಸೇರಿದೆ. ಗುಜರಾತಿ ಮದುವೆಗಳಲ್ಲಿ ಕೆಂಪು, ಕಂದು ಬಣ್ಣದ ಮೇಲೆ ಹೊನ್ನಿನ ಬಳ್ಳಿಗಳಿರುವ ಕುರ್ಚಿ, ಉಯ್ಯಾಲೆಗಳನ್ನು ಓದುಗರು ಕಂಡಿರಬಹುದು. ಅವು ಇಲ್ಲಿನ ಖರಾದಿಗಳ ಕೈಕೆಲಸ. ಖರಾದಿ ಎಂದರೆ ಮರವನ್ನು ತಿರುಗಣಿಯಲ್ಲಿ ಕಡೆಯುವವನು. ಇಲ್ಲಿಯೂ ಮರ ಸಾಗುವಾನಿಯೇ.

ಹೊನ್ನಿನಂತೆ ಕಾಣುವುದರಲ್ಲಿ ಹೊನ್ನಿಲ್ಲ. ತವರದ ಪುಡಿಯನ್ನು ಅಂಟಿನೊಡನೆ ಅರೆದು ಕುಂಚದಿಂದ ಬಳ್ಳಿ ಬರೆದು, ಅಕೀಕ್ ಕಲ್ಲಿನಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಅದರ ಮೇಲೆ ಅರಗಿನ ಪದರು ಬಂದಾಗ ಬೆಳ್ಳಿಯ ಬಣ್ಣ ಹೊನ್ನಾಗಿ ಕಾಣುತ್ತದೆ. ಕಾವು ತೋರಿಸಿ ಅರಗನ್ನು ಹರಡಿ, ಕೇದಗೆಯ ಎಲೆಯಿಂದ ತೀಡುವುದನ್ನು ನೋಡುತ್ತಲೇ ನಮ್ಮ ಗುಂಪಿನಲ್ಲಿದ್ದ ಚನ್ನಪಟ್ಟಣದ ಅಕ್ಕ, "ಅಯ್ಯೋ, ಇದು ನಮ್ಮ ಬೊಂಬೆ ಕೆಲಸ!" ಎಂದು ಕೂಗಿದರು. ನಿಜ. ಚನ್ನಪಟ್ಟಣದಲ್ಲಿ ಹಾಲೆಮರ, ಇಲ್ಲಿ ತೇಗ. ಆದರೆ ತಿರುಗಣಿ, ಅರಗು, ಕೇದಗೆಯ ಜಾತಿಯ ಎಲೆ ಮೂರೂ ಅವೇ. ಅಕ್ಕನಿಗೂ ಆ ಖರಾದಿಯ ಮನೆಯಾಕೆಗೂ ಹಿಂದಿ ಅಷ್ಟಕ್ಕಷ್ಟೇ. ಆದರೂ ಅರ್ಧ ಗಂಟೆ ಅವರ ಮಾತು ಕೈಸನ್ನೆಯಲ್ಲಿ ನಿರರ್ಗಳವಾಗಿ ನಡೆಯಿತು.

ನಾವು ಗಮನಿಸಿದ್ದು ಮತ್ತೊಂದು. ಬಣ್ಣದ ಮೊದಲ ಹನಿ ಬೀಳುವ ಮುನ್ನ ಕುರ್ಚಿಯ ಕಾಲನ್ನು ತಿರುಗಣಿಯಲ್ಲಿ ಮತ್ತೆ ಮತ್ತೆ ನಯಗೊಳಿಸುತ್ತಿದ್ದರು. ರಿಪೇರಿಗೆ ಬಂದ ಒಂದು ಹಳೆಯ ಕುರ್ಚಿಯೂ ಅಲ್ಲಿತ್ತು; ಮಳೆ ಬೀಳುವ ಮೊಗಸಾಲೆಯಲ್ಲಿಟ್ಟದ್ದರಿಂದ ಅರಗು ಬೆಳ್ಳಗೆ ಮಬ್ಬಾಗಿತ್ತು. ಅರಗು ನೀರನ್ನೂ ಬಿಸಿಲನ್ನೂ ತಾಳದು. ಅದು ಮನೆಯೊಳಗಿನ ಉಡುಗೆ. ದೋಣಿಗೆ ಅರಗು ಸಲ್ಲದು, ಮದುವೆಯ ಕುರ್ಚಿಗೆ ದೋಣಿಯ ವಾರ್ನಿಷ್ ಒಪ್ಪದು. ಮರ ಒಂದೇ ಆದರೂ ಅದು ಎಲ್ಲಿ ಬದುಕಬೇಕಾಗಿದೆ ಎಂಬುದನ್ನು ನೋಡಿ ಉಪಚಾರ.

ಅಹಮದಾಬಾದಿನ ಪೋಳುಗಳಲ್ಲಿ

ಅಹಮದಾಬಾದು 1411ರಲ್ಲಿ ಅಹಮದ್ ಶಾಹ ಕಟ್ಟಿಸಿದ ನಗರ. ಅದರ ಹಳೆಯ ಊರಿಗೆ 2017ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟ ಸಿಕ್ಕಿತು. ಭಾರತದ ನಗರಗಳಲ್ಲಿ ಆ ಗೌರವ ಮೊದಲು ಬಂದದ್ದು ಇದಕ್ಕೇ. ಇಲ್ಲಿನ ನಗರಸಭೆಯವರು 1997ರಲ್ಲಿ ಆರಂಭಿಸಿದ ಬೆಳಗಿನ ಪಾರಂಪರಿಕ ನಡಿಗೆ ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಡುತ್ತದೆ. 1822ರಲ್ಲಿ ಪ್ರತಿಷ್ಠೆಯಾದ ಆ ಮಂದಿರದ ಕಂಬ, ಕಮಾನು, ಮದನಕೈಗಳೆಲ್ಲ ಬರ್ಮಾ ತೇಗ. ಅಲ್ಲಿ ಮರಕ್ಕೆ ಬಗೆಬಗೆಯ ಬಣ್ಣ ಬಳಿದಿದ್ದಾರೆ. ಬಣ್ಣವೂ ಒಂದು ರಕ್ಷೆಯೇ.

ಪೋಳ್ ಎಂದರೆ ಒಂದು ಬಾಗಿಲಿನ ಒಳಗೆ ಸೇರಿದ ಒಂದು ಕೇರಿ. ಓಣಿ ಎಷ್ಟು ಕಿರಿದೆಂದರೆ ಎದುರು ಮನೆಯವರಿಗೆ ಕಿಟಕಿಯಿಂದಲೇ ಬಟ್ಟಲು ದಾಟಿಸಬಹುದು. ಮನೆಯ ಮುಂದೆ ಓಟಲೋ, ಅಂದರೆ ನಮ್ಮ ಜಗಲಿ. ಒಳಗೆ ಚೌಕ, ಅಂದರೆ ನಮ್ಮ ತೊಟ್ಟಿ. ಅದರಡಿಯಲ್ಲಿ ಮಳೆನೀರಿನ ಟಾಂಕಾ. ತೇವ ಏರದಂತೆ ಕಂಬಗಳನ್ನು ಕಲ್ಲಿನ ಪೀಠದ ಮೇಲೆ ನಿಲ್ಲಿಸಿದ್ದಾರೆ. ಇಟ್ಟಿಗೆಯ ಗೋಡೆಯ ನಡುನಡುವೆ ತೇಗದ ತೊಲೆಗಳನ್ನು ಹೆಣೆದಿದ್ದಾರೆ. 2001ರ ಜನವರಿ 26ರ ಭೂಕಂಪದಲ್ಲಿ ಈ ನಗರದ ಎಷ್ಟೋ ಹೊಸ ಬಹುಮಹಡಿ ಕಟ್ಟಡಗಳು ಕುಸಿದವು. ಚೌಕಟ್ಟು ಗಟ್ಟಿಯಿದ್ದ ಪೋಳಿನ ಮನೆಗಳು ಹೆಚ್ಚಾಗಿ ಓಲಾಡಿ ನಿಂತುಕೊಂಡವು.

ಕೆತ್ತನೆಯಂತೂ ಹೇಳತೀರದು. ಅಮೆರಿಕದ ಲಾಕ್‌ವುಡ್ ಡಿ ಫಾರೆಸ್ಟ್ ಎಂಬ ಕಲಾವಿದ 1881ರಲ್ಲಿ ಇಲ್ಲಿಗೆ ಬಂದು ಈ ಕಿಟಕಿಗಳಿಗೆ 'ಮರುಳಾಗಿ', ಹಠೀಸಿಂಗ್ ಮನೆತನದವರೊಬ್ಬರೊಡನೆ ಕೂಡಿ ಮರಗೆತ್ತನೆಯ ಕಾರ್ಖಾನೆಯನ್ನೇ ತೆರೆದ. ನ್ಯೂಯಾರ್ಕಿನ ಹತ್ತನೆಯ ಬೀದಿಯಲ್ಲಿ ಅವನು ಕಟ್ಟಿಸಿದ ಮನೆಯ ತೇಗದ ಮುಂಗಿಟಕಿ ಇಂದಿಗೂ ಹಿಮ ಮಳೆಗಳಿಗೆ ಎದೆಯೊಡ್ಡಿ ನಿಂತಿದೆ.

ನಾವು ಹೋದ ಪೋಳಿನಲ್ಲಿ ಒಂದು ಮನೆಯ ಮುಂಭಾಗದ ದುರಸ್ತಿ ನಡೆದಿತ್ತು. ಸೂರತ್ತಿನಲ್ಲಿ ಪಾಠ ಕಲಿತು ಬಂದ ನಮ್ಮ ಮಕ್ಕಳು ಉಪ್ಪುಕಾಗದವನ್ನು ಹುಡುಕಿದರು. ಅಲ್ಲಿ ಅದಿರಲೇ ಇಲ್ಲ! ಇಬ್ಬರು ಕುಶಲಕರ್ಮಿಗಳು ಒಣ ಕುಂಚದಿಂದ ಎಲೆ ಎಲೆಯ, ಎಸಳು ಎಸಳಿನ ಸಂದಿನ ಧೂಳನ್ನು ಬಿಡಿಸುತ್ತಿದ್ದರು. ತೀರ ಅಂಟಿದ ಜಿಡ್ಡಿಗೆ ಮಾತ್ರ ಒದ್ದೆಯ ಬಟ್ಟೆ. ದೋಣಿಯ ಪಟ್ಟಿಯಲ್ಲಿ ಕೂದಲೆಳೆಯಷ್ಟು ಮರ ಹೋದರೆ ಪಟ್ಟಿ ಉಳಿಯುತ್ತದೆ. ಕೆತ್ತಿದ ಹೂವಿನಲ್ಲಿ ಅಷ್ಟೇ ಹೋದರೆ ಎಸಳಿನ ಅಂಚೇ ಹೋಗುತ್ತದೆ. ನೂರೈವತ್ತು ವರ್ಷದ ಹಿಂದಿನ ಬಡಗಿಯ ಉಳಿಯ ಗುರುತು ಇರುವುದು ಆ ಅಂಚಿನಲ್ಲೇ. ಕೊಳೆತ ಭಾಗವನ್ನಷ್ಟೇ ಕತ್ತರಿಸಿ, ಕೆಡವಿದ ಮನೆಗಳಿಂದ ಬಂದ ಹಳೆಯ ತೇಗದ ತುಂಡನ್ನು ಅಲ್ಲಿ ಹೊಂದಿಸಿದ್ದರು. ಸಡಿಲವಾದ ಸಂದುಗಳಿಗೆ ಮರದ ಗೂಟ. ಕೊನೆಗೆ ಟರ್ಪೆಂಟೈನಿನಲ್ಲಿ ತೆಳುಮಾಡಿದ ಅಗಸೆಯೆಣ್ಣೆಯನ್ನು ಕುಡಿಸಿ, ಹೆಚ್ಚಾದದ್ದನ್ನು ಒರೆಸಿಬಿಡುವುದು. ಮಿರುಗುವ ವಾರ್ನಿಷ್ ಇಲ್ಲ. ಬೂದಿಯ ಬಣ್ಣ ಅಲ್ಲಲ್ಲಿ ಉಳಿದೇ ಇತ್ತು. ಉಳಿಯಲಿ ಎಂದೇ ಉಳಿಸಿದ್ದು.

ಎದುರು ಮನೆಯ ಓಟಲೋ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದ ವೃದ್ಧೆ ನಮ್ಮನ್ನು ಕರೆದು ನೀರು ಕೊಟ್ಟರು. ಪೋಳಿನವರೆಲ್ಲ ಅವರನ್ನು ಬಾ ಎನ್ನುತ್ತಿದ್ದರು. ಬಾ ಎಂದರೆ ತಾಯಿ. ಅವರ ಮನೆಯ ಮೇಲಂತಸ್ತಿನಲ್ಲೂ ಅಂಥದೇ ಒಂದು ಕಿಟಕಿ ಇತ್ತು, ಗಿಳಿಗಳನ್ನು ಕೆತ್ತಿದ್ದು. ಮಕ್ಕಳು ನದಿಯಾಚೆ ಹೊಸ ಬಡಾವಣೆಗಳಲ್ಲಿದ್ದಾರೆ. ಹಳೆಯ ಸಾಮಾನಿನ ವ್ಯಾಪಾರಿಯೊಬ್ಬ ಎರಡು ಸಲ ಬಂದು ಕಿಟಕಿಗೂ ಅದರ ಕೆಳಗಿನ ಮದನಕೈಗಳಿಗೂ ಬೆಲೆ ಹೇಳಿಹೋಗಿದ್ದ. ಆ ಮದನಕೈ ಬರಿಯ ಅಲಂಕಾರವಲ್ಲ, ಮೇಲಂತಸ್ತು ಕೂತಿರುವುದೇ ಅದರ ಮೇಲೆ. ಅದನ್ನು ಕಿತ್ತರೆ ಮುಂದೆ ಮನೆಯನ್ನು ಕೆಡವುವುದೊಂದೇ ದಾರಿ. ಈ ಊರಿನಲ್ಲಿ ಎಷ್ಟೋ ಮನೆಗಳು ಹೋದದ್ದು ಹೀಗೆಯೇ.

ಬಾ ನಮ್ಮನ್ನು ಕೇಳಿದರು: "ನೀವೂ ಊರು ಬಿಟ್ಟು ಬಂದವರು. ನಿಮ್ಮ ಹಳೆಯ ಮನೆಗಳನ್ನು ಏನು ಮಾಡಿದಿರಿ?"

ನಾಲ್ಕು ಮನೆಯವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಒಂದು ಮನೆ ಅಣ್ಣತಮ್ಮಂದಿರಲ್ಲಿ ಪಾಲಾಗಿ ಮಾರಿಹೋಗಿದೆ. ಅದರ ತೇಗದ ಕಂಬಗಳು ಈಗ ಯಾವುದೋ ವಿಹಾರಧಾಮದಲ್ಲಿವೆ. ಒಂದು ಬೀಗ ಹಾಕಿದೆ. ವರ್ಷಕ್ಕೊಮ್ಮೆ ದೇವರ ಕಾರ್ಯಕ್ಕೆ ತೆರೆಯುತ್ತದೆ. ಒಂದು ಅಣೆಕಟ್ಟಿನ ನೀರಿನಡಿ ಇದೆ. ಹಳಿಯಾಳದ ಕಾಕಾ ಅವರ ಮನೆಯಲ್ಲಿ ಮಾತ್ರ ತಮ್ಮನ ಸಂಸಾರವಿದೆ. ಕಾಕಾ ಇದನ್ನೆಲ್ಲ ಗುಜರಾತಿಯಲ್ಲಿ ಒಂದೊಂದಾಗಿ ಹೇಳಿದರು. ಬಾ ತಲೆಯಾಡಿಸುತ್ತ ಕೇಳಿದರು. ಆಮೇಲೆ, "ಎದುರುಮನೆ ಮುಗಿದ ಮೇಲೆ ಈ ಹುಡುಗರಿಗೆ ನಮ್ಮ ಗಿಳಿ ಕಿಟಕಿಯನ್ನೂ ಹೇಳಿದ್ದೇನೆ. ಈ ಚಳಿಗಾಲಕ್ಕೆ ಅದೊಂದು. ಮುಂದಿನದು ಮುಂದೆ" ಎಂದರು.

ನಮ್ಮ ಮನೆಗಳಲ್ಲಿ

ಊರಿನ ಮನೆಯ ಮಾತು ಹಾಗಿರಲಿ. ಅಲ್ಲಿಂದ ಲಾರಿಯಲ್ಲೋ ರೈಲಿನಲ್ಲೋ ನಮ್ಮ ಜೊತೆ ಬಂದ ಒಂದಾದರೂ ವಸ್ತು ಗುಜರಾತಿನ ಪ್ರತಿ ಕನ್ನಡ ಮನೆಯಲ್ಲಿದೆ: ತೊಟ್ಟಿಲು, ದೇವರ ಮಂಟಪ, ಅಜ್ಜಿಯ ಸಂದೂಕ, ಊಟದ ಮಣೆ, ತೂಗುಮಣೆ. ಅನೇಕರು ಅವನ್ನು ಗಚ್ಚಿನ ಮೇಲೋ ಬಾಲ್ಕನಿಯಲ್ಲೋ ಇಟ್ಟಿದ್ದಾರೆ. ಬೂದಿ ಬಣ್ಣಕ್ಕೆ ಬಂದಿದ್ದನ್ನು ನೋಡಿ ಗುಜರಿಗೆ ಹಾಕುವ ಯೋಚನೆಯಲ್ಲಿದ್ದಾರೆ. ಅಂಥವರಿಗೆ ನಾವು ಕಂಡು ಬಂದದ್ದನ್ನು ಇಷ್ಟರಲ್ಲಿ ಹೇಳಬಹುದು.

ಮೊದಲು ಒದ್ದೆ ಬೆರಳಿನ ಪರೀಕ್ಷೆ. ಬಣ್ಣ ಇಣುಕಿದರೆ ಮರ ಬದುಕಿದೆ. ಮೇಲೆ ಹಳೆಯ ಹೊಳಪಿದ್ದರೆ ಕಾಣದ ಮೂಲೆಯಲ್ಲಿ ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸಿ ನೋಡಿ. ಅಂಟಂಟಾದರೆ ಅದು ಅರಗಿನ ಪಾಲಿಷ್. ಅದನ್ನು ಹೆರೆಯದೆ, ಪಾಲಿಷ್ ಬಲ್ಲವರಿಂದ ಅದೇ ಪಾಲಿಷಿನ ಮತ್ತೊಂದು ಕೈ ಹಾಕಿಸಿದರೆ ಸಾಕು. ಬಯಲಿನ ಉಯ್ಯಾಲೆಯ ನುಣುಪು ಹಲಗೆಗೆ ಸೂರತ್ತಿನ ಕ್ರಮ: ಅಡ್ಡಕ್ಕೆ ತೊಳೆದು, ನೆರಳಲ್ಲಿ ಒಣಗಿಸಿ, ಗುಂಟ ಉಜ್ಜಿ, ಎಣ್ಣೆ ಒರೆಸಿ, ಆಮೇಲೆ ವಾರ್ನಿಷ್. ಕೆತ್ತನೆಯಿದ್ದರೆ ಅಹಮದಾಬಾದಿನ ಕ್ರಮ: ಕುಂಚ, ಅಗಸೆಯೆಣ್ಣೆ, ತಾಳ್ಮೆ. ಅಗಸೆಯೆಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆಮಾಡಿ ಬಿಸಾಡಬೇಡಿ. ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು; ನೀರಿನಲ್ಲಿ ನೆನೆಸಿ ಬಯಲಿನಲ್ಲಿ ಹರವಿ ಒಣಗಿಸಿ ಆಮೇಲೆ ಎಸೆಯಬೇಕು. ಕೂಲಿಗೆ ಬಂದವನು ಉಜ್ಜುವ ಯಂತ್ರವನ್ನು ಹೊರತೆಗೆದರೆ ಮೊದಲು ಅವನಿಗೆ ಚಹಾ ಕೊಡಿ, ಆಮೇಲೆ ಯಂತ್ರವನ್ನು ಚೀಲಕ್ಕೆ ಹಾಕಿಸಿ.

ಮಳೆಗಾಲದಲ್ಲಿ ಈ ಕೆಲಸ ಬೇಡ. ನವರಾತ್ರಿ ಕಳೆದಾಗಿನಿಂದ ಹೋಳಿಯವರೆಗೆ ಗುಜರಾತಿನ ಗಾಳಿ ಒಣಗಿರುತ್ತದೆ, ಅದೇ ಸುಕಾಲ. ವಸ್ತುವನ್ನು ಮಗುಚಿ ಹಾಕಿದಾಗ ಅದರ ಅಡಿಯಲ್ಲಿ ಹಚ್ಚುವುದೇನೂ ಇರುವುದಿಲ್ಲ. ಅಲ್ಲಿ ಸೀಸದ ಕಡ್ಡಿಯಿಂದ ಮೂರು ಸಾಲು ಬರೆದಿಡಿ: ಇದು ಯಾರದು, ಯಾವ ಊರಿನದು, ಯಾವ ವರ್ಷ ಇಲ್ಲಿಗೆ ಬಂತು. ಕನ್ನಡದಲ್ಲೇ ಬರೆಯಿರಿ. ಮೊಮ್ಮಕ್ಕಳಿಗೆ ಓದಲು ಬಾರದಿದ್ದರೆ ಕೇಳಿಯಾದರೂ ಓದಿಸಿಕೊಳ್ಳುತ್ತಾರೆ.